ಸಂಜೆಯ ಒಂದು ಪೆಗ್: ಮನೆಯಲ್ಲಿ ಕುಡಿದದ್ದೂ ಲೆಕ್ಕಕ್ಕೆ ಬರುತ್ತದೆ



ಆಸ್ಪತ್ರೆಗೆ ದಾಖಲಾಗುವಾಗ ವಾರ್ಡಿನ ಸಿಸ್ಟರ್ ನಿಮ್ಮನ್ನು ಹಲವು ಪ್ರಶ್ನೆ ಕೇಳುತ್ತಾರೆ. ಸಕ್ಕರೆ ಕಾಯಿಲೆ ಇದೆಯೇ? ಬಿ.ಪಿ. ಮಾತ್ರೆ ಯಾವುದು? ಯಾವುದಾದರೂ ಔಷಧ ಮೈಗೆ ಒಗ್ಗುವುದಿಲ್ಲವೇ? ಈ ಪ್ರಶ್ನೆಗಳಿಗೆಲ್ಲ ಉತ್ತರ ಸಲೀಸಾಗಿ ಬರುತ್ತದೆ. "ಮದ್ಯ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದೆ. ರೋಗಿ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ಮಗನ ಮುಖ ನೋಡುತ್ತಾರೆ. ಕೊನೆಗೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಇಲ್ಲರೀ ಸಿಸ್ಟರ್, ಅಂಥಾ ಚಟಾ ಏನಿಲ್ಲ. ಸಂಜಿಮುಂದ ಮನ್ಯಾಗ ಒಂದ ಪೆಗ್, ಅಷ್ಟ."

ಹೀಗೆ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ನಮ್ಮ ಕಡೆ ಕುಡುಕ ಎಂದರೆ ಬೀದಿಯಲ್ಲಿ ತೂರಾಡುವವನು, ಮನೆಯಲ್ಲಿ ಜಗಳ ತೆಗೆಯುವವನು. ದಿನದ ಕಾಯಕ ಮುಗಿಸಿ, ಕೈಕಾಲು ತೊಳೆದು, ಮನೆಯಲ್ಲೇ ಕುರ್ಚಿಯ ಮೇಲೆ ಕುಳಿತು, ಟಿ.ವಿ. ನೋಡುತ್ತ ಒಂದು ಗ್ಲಾಸು ತೆಗೆದುಕೊಂಡು, ಊಟ ಮಾಡಿ ಮಲಗುವವರನ್ನು ಯಾರೂ ಕುಡುಕ ಎನ್ನುವುದಿಲ್ಲ. ಅವರೂ ತಮ್ಮನ್ನು ಹಾಗೆಂದುಕೊಳ್ಳುವುದಿಲ್ಲ. ಆದರೆ ದೇಹಕ್ಕೆ ಬಾರು, ಮನೆ ಎಂಬ ವ್ಯತ್ಯಾಸ ತಿಳಿಯದು. ಒಳಗೆ ಹೋದದ್ದು ಎಷ್ಟು, ಎಷ್ಟು ದಿನದಿಂದ ಹೋಗುತ್ತಿದೆ, ಕೊನೆಯ ಸಲ ಯಾವಾಗ ಹೋಯಿತು ಎಂಬ ಮೂರನ್ನೇ ಅದು ಲೆಕ್ಕವಿಡುತ್ತದೆ. ಆ ಮೂರು ವಿಷಯ ಆಸ್ಪತ್ರೆಯವರಿಗೆ ತಿಳಿಯದಿದ್ದರೆ ಜೀವಕ್ಕೇ ಅಪಾಯ ಬರಬಹುದು. ಅದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ. ಯಾರನ್ನೂ ಹಳಿಯುವ ಉದ್ದೇಶ ಇಲ್ಲಿಲ್ಲ.

ಯಾಕೆ ಹಿತವೆನಿಸುತ್ತದೆ?

ಸಂಜೆಯ ಗ್ಲಾಸು ಹಿತವೆನಿಸುವುದು ನಿಜ. ಮದ್ಯವು ಹೊಟ್ಟೆ ಮತ್ತು ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ, ಕೆಲವೇ ನಿಮಿಷಗಳಲ್ಲಿ ಮಿದುಳನ್ನು ತಲುಪುತ್ತದೆ. ಮಿದುಳಿನಲ್ಲಿ ಎರಡು ಬಗೆಯ ಸಂದೇಶಗಳು ಸದಾ ನಡೆಯುತ್ತಿರುತ್ತವೆ. ಒಂದು ಬಗೆಯದು ಚುರುಕುಗೊಳಿಸುತ್ತದೆ, ಇನ್ನೊಂದು ಶಾಂತಗೊಳಿಸುತ್ತದೆ. ಎತ್ತಿನ ಗಾಡಿಗೆ ಬಾರುಕೋಲೂ ಬೇಕು, ಮೂಗುದಾರವೂ ಬೇಕು ಎಂಬಂತೆ. ಮದ್ಯವು ಶಾಂತಗೊಳಿಸುವ ಸಂದೇಶವನ್ನು ಹೆಚ್ಚಿಸಿ, ಚುರುಕುಗೊಳಿಸುವುದನ್ನು ತಗ್ಗಿಸುತ್ತದೆ. ಆದ್ದರಿಂದ ಬಿಗಿದ ಭುಜ ಸಡಿಲವಾಗುತ್ತದೆ, ಚಿಂತೆ ಸ್ವಲ್ಪ ದೂರ ಸರಿದಂತಾಗುತ್ತದೆ, ಮಾತು ಸರಾಗವಾಗುತ್ತದೆ.

ಆದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ದಿನವೂ ಸಂಜೆ ಮೂಗುದಾರ ಎಳೆಯುತ್ತಿದ್ದರೆ, ಅದನ್ನು ಸರಿದೂಗಿಸಲು ಮಿದುಳು ಚುರುಕಿನ ಕಡೆಯನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಆಗ ಮೊದಲಿನ ಹಿತಕ್ಕೆ ಮೊದಲಿನಷ್ಟು ಸಾಲುವುದಿಲ್ಲ. ಒಂದಿದ್ದದ್ದು ಒಂದೂವರೆಯಾಗುತ್ತದೆ, ಎರಡಾಗುತ್ತದೆ. ಇದು ವರ್ಷಗಳಲ್ಲಿ ನಿಧಾನವಾಗಿ ಆಗುವುದರಿಂದ ಮನೆಯವರಿಗೂ ತಿಳಿಯುವುದಿಲ್ಲ. ಗ್ಲಾಸು ಅದೇ ಇರುತ್ತದೆ, ಅದರಲ್ಲಿನ ಅಳತೆ ಮಾತ್ರ ಏರುತ್ತದೆ.

ಒಂದು ಪೆಗ್ ಎಂದರೆ ಎಷ್ಟು?

ಸಣ್ಣ ಪೆಗ್ ಎಂದರೆ 30 ಮಿ.ಲೀ., ದೊಡ್ಡ ಪೆಗ್ ಎಂದರೆ 60 ಮಿ.ಲೀ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಉಳಿದದ್ದು ಹೀಗೆ:

ದೊಡ್ಡ ಪೆಗ್ 60 ಮಿ.ಲೀ.: 2 ಸಣ್ಣ ಪೆಗ್‌ಗೆ ಸಮ.
90 ಮಿ.ಲೀ. ಪ್ಯಾಕೆಟ್: 3 ಸಣ್ಣ ಪೆಗ್‌ಗೆ ಸಮ.
180 ಮಿ.ಲೀ. ಕ್ವಾರ್ಟರ್: 6 ಸಣ್ಣ ಪೆಗ್‌ಗೆ ಸಮ.
650 ಮಿ.ಲೀ. ಸಾಧಾರಣ ಬಿಯರ್, ಶೇ. 5ರದ್ದು: ಸುಮಾರು ಎರಡೂವರೆ ಸಣ್ಣ ಪೆಗ್‌ಗೆ ಸಮ.
650 ಮಿ.ಲೀ. ಸ್ಟ್ರಾಂಗ್ ಬಿಯರ್, ಶೇ. 8ರದ್ದು: ಸುಮಾರು 4 ಸಣ್ಣ ಪೆಗ್‌ಗೆ ಸಮ.

"ನಾನು ಬರೇ ಬಿಯರ್" ಎನ್ನುವವರು ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ನೀರು ಅಥವಾ ಸೋಡಾ ಎಷ್ಟೇ ಬೆರೆಸಿದರೂ ಒಳಗೆ ಹೋಗುವ ಮದ್ಯಸಾರ ಕಡಿಮೆಯಾಗುವುದಿಲ್ಲ ಎಂಬುದೂ ನೆನಪಿರಲಿ.

ಬಾರಿನಲ್ಲಿ ಅಳತೆಯ ಲೋಟ ಇರುತ್ತದೆ, ಮನೆಯಲ್ಲಿ ಇರುವುದಿಲ್ಲ. ಮನೆಯಲ್ಲಿ ಕೈಯಳತೆ. ನಿಮ್ಮ ಒಂದು ಪೆಗ್ ನಿಜವಾಗಿ ಎಷ್ಟು ಎಂದು ತಿಳಿಯಲು ಸುಲಭ ದಾರಿ ಇದೆ. ದಿನಾ ಬಳಸುವ ಗ್ಲಾಸಿಗೆ, ದಿನಾ ಹಾಕಿಕೊಳ್ಳುವಷ್ಟೇ ಎತ್ತರಕ್ಕೆ ನೀರು ಹಾಕಿ. ಆ ನೀರನ್ನು ಕೆಮ್ಮಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳದಿಂದ ಅಳೆದು ನೋಡಿ. 30 ಎಂದುಕೊಂಡದ್ದು 70 ಆಗಿರುವುದು ಅಪರೂಪವೇನಲ್ಲ. ಇನ್ನೊಂದು ದಾರಿ ಬಾಟಲಿಯ ಲೆಕ್ಕ. 750 ಮಿ.ಲೀ. ಬಾಟಲಿಯಲ್ಲಿ 25 ಸಣ್ಣ ಪೆಗ್ ಇರುತ್ತವೆ. ಒಬ್ಬರೇ ದಿನಕ್ಕೆ ಒಂದು ಸಣ್ಣ ಪೆಗ್ ತೆಗೆದುಕೊಂಡರೆ ಅದು 25 ದಿನ ಬರಬೇಕು. ವಾರಕ್ಕೇ ಖಾಲಿಯಾದರೆ ದಿನಕ್ಕೆ ಮೂರೂವರೆ ಪೆಗ್ ಆಯಿತು.

ದುಬಾರಿ ಮದ್ಯ ಒಳ್ಳೆಯದೇ?

"ನಾವು ಅಗ್ಗದ್ದು ಮುಟ್ಟುವುದಿಲ್ಲ, ಮಗ ಅಮೆರಿಕದಿಂದ ತಂದ ಬರ್ಬನ್" ಎಂದು ಹೇಳುವವರೂ ಇದ್ದಾರೆ. ಬರ್ಬನ್ ಎಂಬುದು ಅಮೆರಿಕದ ಒಂದು ಬಗೆಯ ವಿಸ್ಕಿ. ಆ ದೇಶದ ನಿಯಮದ ಪ್ರಕಾರ ಅದಕ್ಕೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ, ಅಂದರೆ ನಮ್ಮ ಗೋವಿನಜೋಳ ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ಅದನ್ನು ಇಡಬೇಕು. ಅದರ ಕೆಂಪು ಬಣ್ಣ, ಸಿಹಿ ವಾಸನೆ ಬರುವುದು ಆ ಸುಟ್ಟ ಮರದಿಂದ. ಬಾಟಲಿಗೆ ತುಂಬುವಾಗ ಅದರಲ್ಲಿ ಮದ್ಯಸಾರ ಶೇ. 40ಕ್ಕಿಂತ ಕಡಿಮೆ ಇರಬಾರದು ಎಂಬುದೂ ನಿಯಮವೇ. ರುಚಿ ಬೇರೆ, ಬೆಲೆ ಬೇರೆ ಇರಬಹುದು. ಮದ್ಯಸಾರ ಮಾತ್ರ ಅದೇ. ಸಾವಿರಾರು ರೂಪಾಯಿಯ ಬಾಟಲಿಯದನ್ನೂ ಪ್ಯಾಕೆಟ್ಟಿನದನ್ನೂ ಲಿವರ್ ಒಂದೇ ರೀತಿಯಲ್ಲಿ ಅರಗಿಸಬೇಕು. 2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿದೆ. "ಸಾರಾಯಿ ಮುಟ್ಟುವುದಿಲ್ಲ" ಎಂಬ ಉತ್ತರದಿಂದ ವೈದ್ಯರಿಗೆ ಯಾವ ಮಾಹಿತಿಯೂ ಸಿಗುವುದಿಲ್ಲ. ಏನು ತೆಗೆದುಕೊಳ್ಳುತ್ತೀರಿ ಎಂಬುದನ್ನು ಹೇಳಬೇಕು.

ದೇಹದ ಒಳಗೆ ಏನಾಗುತ್ತದೆ?

ಒಂದು ಸಣ್ಣ ಪೆಗ್‌ನ ಮದ್ಯಸಾರವನ್ನು ಅರಗಿಸಲು ಲಿವರ್‌ಗೆ ಸುಮಾರು ಒಂದರಿಂದ ಒಂದೂವರೆ ಗಂಟೆ ಬೇಕು. ಅದಕ್ಕೆ ಅವಸರ ಮಾಡಿಸಲು ಸಾಧ್ಯವಿಲ್ಲ. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ರಾತ್ರಿ ಒಂದು ಕ್ವಾರ್ಟರ್ ಮುಗಿಸಿ 11 ಗಂಟೆಗೆ ಮಲಗಿದವರ ರಕ್ತದಲ್ಲಿ ಬೆಳಗಿನ ಜಾವವೂ ಮದ್ಯಸಾರ ಉಳಿದಿರಬಹುದು. ಬೆಳಿಗ್ಗೆ ಎದ್ದು ಗಾಡಿ ಓಡಿಸುವವರು ಇದನ್ನು ಗಮನಿಸಬೇಕು. ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ದೇಹದ ನೀರಿನ ಅಂಶ ಕಡಿಮೆ. ಅಷ್ಟೇ ಮದ್ಯ ಅವರ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ. 35ನೇ ವಯಸ್ಸಿನಲ್ಲಿ ತಡೆದ ಅಳತೆಯನ್ನು 65ರಲ್ಲಿ ಮೈ ತಡೆಯುವುದಿಲ್ಲ.

"ನಿದ್ದಿ ಚಲೋ ಬರ್ತದ" ಎಂಬುದು ಇನ್ನೊಂದು ಮಾತು. ಬೇಗ ಕಣ್ಣು ಮುಚ್ಚುತ್ತದೆ, ಸರಿ. ಆದರೆ ಮದ್ಯ ಇಳಿಯುತ್ತಿದ್ದಂತೆ ನಡುರಾತ್ರಿಯ ನಂತರದ ನಿದ್ದೆ ಕೆಡುತ್ತದೆ. ಎರಡು ಮೂರು ಗಂಟೆಗೆ ಎಚ್ಚರ, ಬೆವರು, ಬಾಯಾರಿಕೆ, ಪದೇ ಪದೇ ಮೂತ್ರ. ಬೆಳಿಗ್ಗೆ ಎದ್ದಾಗ ದಣಿವು. ಆ ದಣಿವನ್ನು ಆರಿಸಿಕೊಳ್ಳಲು ಸಂಜೆ ಮತ್ತೆ ಗ್ಲಾಸು.

"ಒಂದು ಪೆಗ್ ಹೃದಯಕ್ಕೆ ಒಳ್ಳೆಯದಂತೆ" ಎಂಬ ಮಾತು ಬಹಳ ವರ್ಷ ಚಾಲ್ತಿಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು ಹಾಗೂ ಹೆಂಗಸರಲ್ಲಿ ಸ್ತನದ ಕ್ಯಾನ್ಸರಿಗೆ ಮದ್ಯ ಒಂದು ಕಾರಣ. ಗುಟ್ಕಾ, ತಂಬಾಕಿನ ಜೊತೆ ಸೇರಿದರೆ ಬಾಯಿ ಮತ್ತು ಗಂಟಲಿನ ಅಪಾಯ ಇನ್ನೂ ಹೆಚ್ಚು. ಅಳತೆ ಕಡಿಮೆಯಾದಷ್ಟೂ ಅಪಾಯ ಕಡಿಮೆ ಎಂಬುದು ನಿಜ. ಆದರೆ ಔಷಧವೆಂದು ತಿಳಿದು ಯಾರೂ ಕುಡಿಯಬೇಕಾಗಿಲ್ಲ. ಶೀತವಾಯಿತೆಂದು ಮಕ್ಕಳಿಗೆ, ಬಾಣಂತಿಯರಿಗೆ ಬ್ರಾಂದಿ ಕೊಡುವ ರೂಢಿ ಕೆಲವು ಕಡೆ ಉಳಿದಿದೆ. ಮೈ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ. ನಿಜವಾಗಿ ಮೈಯ ಕಾವು ಹೊರಗೆ ಹೋಗುತ್ತಿರುತ್ತದೆ. ಮಕ್ಕಳಿಗೆ ಒಂದು ಚಮಚವೂ ಬೇಡ. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ.

ಮಾತ್ರೆಯ ಜೊತೆ ಬೆರೆತರೆ

ನಮ್ಮಲ್ಲಿಗೆ ಬರುವ ನಲವತ್ತು ದಾಟಿದವರಲ್ಲಿ ಬಹಳ ಜನ ಯಾವುದಾದರೂ ಮಾತ್ರೆಯ ಮೇಲಿರುತ್ತಾರೆ. ರಾತ್ರಿಯ ಮಾತ್ರೆ ಮತ್ತು ಸಂಜೆಯ ಗ್ಲಾಸು ಒಂದೇ ಹೊಟ್ಟೆಗೆ ಹೋಗುತ್ತವೆ.

ಸಕ್ಕರೆ ಕಾಯಿಲೆ: ಊಟವಿಲ್ಲದ ಹೊತ್ತಿನಲ್ಲಿ ರಕ್ತದ ಸಕ್ಕರೆ ಇಳಿಯದಂತೆ ಲಿವರ್ ನೋಡಿಕೊಳ್ಳುತ್ತದೆ. ಮದ್ಯ ಅರಗಿಸುವಾಗ ಅದು ಆ ಕೆಲಸವನ್ನು ಸರಿಯಾಗಿ ಮಾಡಲಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಂಡು, ಖಾಲಿ ಹೊಟ್ಟೆಯಲ್ಲಿ ಕುಡಿದು, ಊಟ ಬಿಟ್ಟು ಮಲಗಿದರೆ ನಡುರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಗ ಮಾತು ತೊದಲುತ್ತದೆ, ಬೆವರುತ್ತದೆ, ಎಬ್ಬಿಸಿದರೆ ಏಳುವುದಿಲ್ಲ. ಮನೆಯವರು "ಕುಡಿದು ಮಲಗಿದ್ದಾರೆ, ಬಿಡು" ಎಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೈಮೀರಬಹುದು. ಸಕ್ಕರೆ ಕಾಯಿಲೆಯವರನ್ನು ಹಾಗೆ ಬಿಡಬೇಡಿ. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

ನೋವಿನ ಮಾತ್ರೆ: ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಜೊತೆ ಮದ್ಯ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಡಾಂಬರಿನಂತೆ ಕಪ್ಪು ಮಲ ಹೋದರೆ ಕೂಡಲೇ ಬನ್ನಿ. ದಿನಾ ಕುಡಿಯುವವರು ಪ್ಯಾರಾಸಿಟಮಾಲ್ ಹೆಚ್ಚು ತೆಗೆದುಕೊಂಡರೆ ಲಿವರ್‌ಗೆ ಪೆಟ್ಟು.

ನಿದ್ದೆಯ ಮಾತ್ರೆ: ಆಲ್‌ಪ್ರಜೋಲಂ, ಡಯಾಜಿಪಾಂನಂಥವು ಮದ್ಯದಂತೆಯೇ ಮಿದುಳನ್ನು ಮಂದಗೊಳಿಸುತ್ತವೆ. ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಕ್ಷಯರೋಗದ ಮಾತ್ರೆ: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್ ಮೇಲೆ ಭಾರ ಹಾಕುತ್ತವೆ. ಚಿಕಿತ್ಸೆ ಮುಗಿಯುವ ತನಕ ಮದ್ಯ ಪೂರ್ತಿ ಬೇಡ.

ಬೇಧಿ, ಹಲ್ಲು ನೋವಿಗೆ ಕೊಡುವ ಮೆಟ್ರೊನಿಡಜೋಲ್: ಇದರ ಜೊತೆ ಕುಡಿದರೆ ಕೆಲವರಿಗೆ ಮುಖ ಕೆಂಪಾಗಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಬಹುದು. ಕೋರ್ಸ್ ಮುಗಿದ ಮೇಲೂ ಮೂರು ದಿನ ಮದ್ಯ ಬೇಡ.

ರಕ್ತದೊತ್ತಡ: ದಿನವೂ ಕುಡಿಯುವುದರಿಂದ ರಕ್ತದೊತ್ತಡ ಏರುತ್ತದೆ. ಎರಡು ಮೂರು ಮಾತ್ರೆ ಕೊಟ್ಟರೂ ಬಿ.ಪಿ. ಹಿಡಿತಕ್ಕೆ ಬಾರದಿದ್ದಾಗ ಕಾರಣ ಸಂಜೆಯ ಗ್ಲಾಸಿನಲ್ಲೇ ಇರಬಹುದು. ವೈದ್ಯರಿಗೆ ಅದು ಗೊತ್ತಿಲ್ಲದಿದ್ದರೆ ಅವರು ಮಾತ್ರೆಯನ್ನೇ ಹೆಚ್ಚಿಸುತ್ತ ಹೋಗುತ್ತಾರೆ.

ಎರಡನೆಯ, ಮೂರನೆಯ ದಿನದ ಅಪಾಯ

ಈಗ ಮುಖ್ಯವಾದ ಮಾತಿಗೆ ಬರೋಣ. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುವವರು ಕಾಲು ಮುರಿದೋ, ಹರ್ನಿಯಾ ಆಪರೇಷನ್ನಿಗೋ, ಜ್ವರಕ್ಕೋ ಇಲ್ಲಿ ಮಲಗುತ್ತಾರೆ. ಅಂದಿನ ಸಂಜೆಯ ಗ್ಲಾಸು ತಟ್ಟನೆ ನಿಲ್ಲುತ್ತದೆ. ಇಷ್ಟು ವರ್ಷ ಮೂಗುದಾರಕ್ಕೆ ಎದುರಾಗಿ ಬಲ ಕೂಡಿಸಿಕೊಂಡಿದ್ದ ಮಿದುಳಿನ ಚುರುಕಿನ ಕಡೆ, ಮೂಗುದಾರ ಹರಿದ ಹೋರಿಯಂತೆ ಎದ್ದು ಓಡುತ್ತದೆ.

ಕೊನೆಯ ಗ್ಲಾಸಾಗಿ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಕರಿಕೆ, ಎದೆಬಡಿತ, ಸಿಡಿಮಿಡಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಪೂರ್ತಿ ಭ್ರಮೆ ಹಿಡಿಯುತ್ತದೆ. ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ. ಎಲ್ಲಿದ್ದೇನೆಂದು ತಿಳಿಯದೆ ಸಲೈನ್ ಕಿತ್ತುಹಾಕುತ್ತಾರೆ, ಮುರಿದ ಕಾಲಲ್ಲೇ ಎದ್ದು ಓಡಲು ನೋಡುತ್ತಾರೆ. ಜ್ವರ ಏರುತ್ತದೆ, ಬಿ.ಪಿ. ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಸಾವಿಗೂ ಕಾರಣವಾಗಬಲ್ಲದು.

ಇಂಥ ಹೊತ್ತಿನಲ್ಲಿ ಬಂಧುಗಳು "ಗಾಳಿ ಸೋಕ್ಯದ", "ಇಂಜೆಕ್ಷನ್ ಕೆಟ್ಟತು", "ಸಲೈನ್ ತಲೀಗಿ ಏರ್ತು" ಎಂದು ಹೆದರುತ್ತಾರೆ. ಅಂತ್ರ ಕಟ್ಟಿಸಲು ಓಡುತ್ತಾರೆ. ನಿಜವಾದ ಕಾರಣ ದಾಖಲಾದ ದಿನ ಹೇಳದೆ ಉಳಿದ ಆ ಒಂದು ಮಾತು. ಮೊದಲೇ ತಿಳಿದಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ವೈದ್ಯರು ಕ್ಲೋರ್‌ಡಯಾಜಿಪಾಕ್ಸೈಡ್, ಲೊರಾಜಿಪಾಂನಂಥ ಔಷಧಗಳನ್ನು ಅಳತೆಯಿಂದ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತ ಬರುತ್ತಾರೆ. ಥಯಾಮಿನ್ ಎಂಬ ಬಿ-1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಬಹಳ ಕಾಲ ಕುಡಿದವರಲ್ಲಿ ಈ ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ಕಣ್ಣಿನ ಚಲನೆ, ನಡಿಗೆ, ನೆನಪು ಕೆಡುವ ಸಂಭವವಿದೆ. ಹಾಗಾಗಿ ಯಾವ ಸಲೈನ್ ಹಾಕಬೇಕು, ಅದಕ್ಕೆ ಮೊದಲು ಏನು ಕೊಡಬೇಕು ಎಂಬುದೂ ನಿಮ್ಮ ಉತ್ತರದ ಮೇಲೆ ನಿಂತಿದೆ.

ದಿನಕ್ಕೆ ನಿಜವಾಗಿಯೂ ಒಂದೇ ಸಣ್ಣ ಪೆಗ್ ತೆಗೆದುಕೊಳ್ಳುವ ಬಹುತೇಕರಿಗೆ ಇಂಥ ತೊಂದರೆ ಆಗುವುದಿಲ್ಲ. ಹೆದರಬೇಕಾಗಿಲ್ಲ. ಆದರೆ ನಿಮ್ಮ ಒಂದು ಪೆಗ್ ನಿಜಕ್ಕೂ ಒಂದೇ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ನಮಗೆ ಬಿಡಿ. ಅಳತೆ ಹೇಳಿದರೆ ಸಾಕು.

ಅರಿವಳಿಕೆ ಕೊಡುವ ವೈದ್ಯರಿಗೂ ಇದು ತಿಳಿದಿರಬೇಕು. ದಿನಾ ಕುಡಿಯುವವರಲ್ಲಿ ಅರಿವಳಿಕೆಯ ಔಷಧದ ಅಳತೆ ಬೇರೆಯಾಗಬಹುದು. ಹೆಚ್ಚು ಕುಡಿಯುವವರಲ್ಲಿ ಆಪರೇಷನ್ ನಂತರ ರಕ್ತಸ್ರಾವ, ಗಾಯದ ಕೀವು ಹೆಚ್ಚು. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ ಇದ್ದರೆ, ಕೆಲವು ವಾರ ಮುಂಚೆಯೇ ವೈದ್ಯರ ಸಲಹೆಯಂತೆ ಮದ್ಯ ನಿಲ್ಲಿಸುವುದರಿಂದ ಲಾಭವಿದೆ.

ಸಿಸ್ಟರ್‌ಗೆ ಹೇಳಬೇಕಾದ ಐದು ಮಾತು

1. ಏನು ತೆಗೆದುಕೊಳ್ಳುತ್ತೀರಿ: ವಿಸ್ಕಿ, ರಮ್, ಬ್ರಾಂದಿ, ಬಿಯರ್, ಸೇಂದಿ, ಬೇರೆ ಏನಾದರೂ.
2. ದಿನಕ್ಕೆ ಎಷ್ಟು: ಪೆಗ್ ಲೆಕ್ಕ ತಿಳಿಯದಿದ್ದರೆ ಒಂದು ಬಾಟಲಿ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಹೇಳಿ.
3. ಎಷ್ಟು ವರ್ಷದಿಂದ, ವಾರಕ್ಕೆ ಎಷ್ಟು ದಿನ.
4. ಕೊನೆಯ ಸಲ ಯಾವಾಗ: ದಿನ ಮತ್ತು ಗಂಟೆ. ಇದು ಅತ್ಯಂತ ಮುಖ್ಯ.
5. ಹಿಂದೆ ಬಿಟ್ಟಾಗ ನಡುಕ, ಫಿಟ್ಸ್ ಅಥವಾ ಭ್ರಮೆ ಆಗಿತ್ತೇ?

ಎಲ್ಲರ ಮುಂದೆ ಹೇಳಲು ಸಂಕೋಚವಾದರೆ "ಸಿಸ್ಟರ್, ಒಂದ್ ಮಾತು ಬ್ಯಾರೆ ಹೇಳೂದೈತ್ರಿ" ಎನ್ನಿ. ಪಕ್ಕಕ್ಕೆ ಕರೆದು ಕೇಳುತ್ತಾರೆ. ರೋಗಿಗೆ ಹೇಳುವ ಸ್ಥಿತಿ ಇಲ್ಲದಿದ್ದರೆ ಹೆಂಡತಿ, ಮಕ್ಕಳು, ಅಣ್ಣ ತಮ್ಮಂದಿರು ಹೇಳಬೇಕು. "ಮಠದ ದವಾಖಾನಿ, ಇಲ್ಲಿ ಹೆಂಗ ಹೇಳೂದು" ಎಂದು ಹಿಂಜರಿಯುವವರು ಬಹಳ. ಶ್ರೀಮಠದ ದಾಸೋಹದಲ್ಲಿ ಊಟಕ್ಕೆ ಕುಳಿತವರನ್ನು ನೀನು ಯಾರು, ಎಂಥವನು ಎಂದು ಯಾರೂ ಕೇಳುವುದಿಲ್ಲ. ಇಲ್ಲಿಯೂ ಹಾಗೆಯೇ. ಕೇಸ್ ಶೀಟಿನಲ್ಲಿ ಬರೆಯುವುದು ಚಿಕಿತ್ಸೆಗಾಗಿ. ವಿಮೆಯ ಹಣಕ್ಕೆ ತೊಂದರೆಯಾದೀತೆಂದು ಮುಚ್ಚಿಡುವವರೂ ಇದ್ದಾರೆ. ವಿಮೆಯ ಮಾತನ್ನು ಬಿಲ್ಲಿನ ಕೌಂಟರಿನಲ್ಲಿ ಬೇರೆಯಾಗಿ ಕೇಳಿ ತಿಳಿಯಿರಿ. ಜೀವ ಉಳಿದ ಮೇಲಲ್ಲವೇ ವಿಮೆ?

ಬಂಧುಗಳು ಮಾಡಬಾರದ್ದು

ರೋಗಿ ನಡುಗುತ್ತಾರೆಂದು ಕನಿಕರಪಟ್ಟು ನೀರಿನ ಬಾಟಲಿಯಲ್ಲಿ ಮದ್ಯ ತಂದು ಕೊಡಬೇಡಿ. ಒಳಗೆ ಹೋಗಿರುವ ಔಷಧದ ಜೊತೆ ಅದು ಬೆರೆತರೆ ಉಸಿರು ನಿಲ್ಲಬಹುದು. ನಡುಕ ಕಂಡರೆ ಸಿಸ್ಟರನ್ನು ಕರೆಯಿರಿ.

"ಇವತ್ತಿಂದ ಒಂದು ಹನಿಯೂ ಇಲ್ಲ" ಎಂದು ದಿನಾ ಹೆಚ್ಚು ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಮೇಲೆ ಹೇಳಿದ ಫಿಟ್ಸ್, ಭ್ರಮೆ ಮನೆಯಲ್ಲೇ ಬಂದರೆ ಕಷ್ಟ. ವೈದ್ಯರ ನಿಗಾದಲ್ಲಿ ಬಿಡಿಸಬೇಕು.

ರೋಗಿಗೆ ತಿಳಿಯದಂತೆ ಊಟದಲ್ಲಿ, ಚಹಾದಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸುತ್ತೇವೆ ಎಂಬ ಜಾಹೀರಾತುಗಳನ್ನು ನಂಬಬೇಡಿ. ಡೈಸಲ್ಫಿರಾಂ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿ.ಪಿ. ಕುಸಿದು ಜೀವಕ್ಕೆ ಅಪಾಯವಾಗಬಹುದು. ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧ ಅದು. ಗುಟ್ಟಾಗಿ ಕೊಡುವುದಲ್ಲ.

ಮನೆಗೆ ಹೋದ ಮೇಲೆ

ಬಿಡುಗಡೆಯ ದಿನ ಹಲವರು ಮೆಲ್ಲಗೆ ಕೇಳುತ್ತಾರೆ: "ಇನ್ನ ಮ್ಯಾಲ ಒಂದಾದ್ರೂ ನಡೀತದೇನ್ರಿ?" ಲಿವರ್ ಕಾಯಿಲೆ, ಮೇದೋಜೀರಕ ಗ್ರಂಥಿಯ ಊತ, ಫಿಟ್ಸ್ ಇದ್ದವರಿಗೆ ಉತ್ತರ ಒಂದೇ, ನಡೆಯುವುದಿಲ್ಲ. ಉಳಿದವರು ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಅಂದಾಗ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಮನಸ್ಸಿನಲ್ಲಿ ಅಳುಕು ಉಳಿದಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಒಂದು ಗುಟುಕು ಬೇಕೆನಿಸಿದೆಯೇ? ಎರಡಕ್ಕೆ ಹೌದೆಂದರೆ ವೈದ್ಯರ ಬಳಿ ಮಾತನಾಡುವ ಹೊತ್ತು ಬಂದಿದೆ ಎಂದರ್ಥ.

ಬಿಡುವುದೇ ಒಳ್ಳೆಯದು. ಪೂರ್ತಿ ಬಿಡಲು ಮನಸ್ಸು ಇನ್ನೂ ಒಪ್ಪದಿದ್ದರೆ ಕನಿಷ್ಠ ಇಷ್ಟನ್ನು ಪಾಲಿಸಿ. ಅಳೆದೇ ಹಾಕಿಕೊಳ್ಳಿ, ಬಾಟಲಿಯನ್ನು ಕುರ್ಚಿಯ ಪಕ್ಕ ಇಡಬೇಡಿ. ಖಾಲಿ ಹೊಟ್ಟೆಯಲ್ಲಿ ಬೇಡ. ವಾರದಲ್ಲಿ ಹಲವು ದಿನ ಮುಟ್ಟಬೇಡಿ. ಕುಡಿದ ಮೇಲೆ ಗಾಡಿ ಹತ್ತಬೇಡಿ. ಮುಟ್ಟದ ದಿನ ಕೈ ನಡುಗಿದರೆ ಅದನ್ನು ಇನ್ನೊಂದು ಗ್ಲಾಸಿನಿಂದ ಮುಚ್ಚದೆ ಆಸ್ಪತ್ರೆಗೆ ಬನ್ನಿ. ಆ ಸಂಜೆಯ ಹೊತ್ತಿಗೆ ಬೇರೊಂದು ರೂಢಿ ಹಚ್ಚಿಕೊಳ್ಳುವುದೂ ಸಹಾಯಕ. ಸ್ನಾನ, ಇಷ್ಟಲಿಂಗ ಪೂಜೆ, ಮೊಮ್ಮಕ್ಕಳ ಜೊತೆ ಒಂದು ಸುತ್ತು ನಡಿಗೆ, ಬೇಗನೆ ಊಟ. ಬಯಕೆ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕಾಡಿ ಇಳಿಯುತ್ತದೆ. ಆ ಹೊತ್ತನ್ನು ದಾಟಿಸಿದರೆ ಅಂದಿನ ಸಂಜೆ ಗೆದ್ದಂತೆ.

ಬಿಟ್ಟರೆ ಲಾಭವಿದೆಯೇ ಎಂದರೆ, ಇದೆ. ಲಿವರಿನಲ್ಲಿ ಕೊಬ್ಬು ತುಂಬಿದ ಹಂತದಲ್ಲಿ ಪೂರ್ತಿ ಬಿಟ್ಟರೆ ಕೆಲವು ವಾರಗಳಲ್ಲೇ ಅದು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಗಟ್ಟಿಯಾಗಿ ಕುಗ್ಗಿದ ಮೇಲೆ, ಅಂದರೆ ಸಿರೋಸಿಸ್ ಆದ ಮೇಲೆ, ಹಳೆಯ ಸ್ಥಿತಿ ಮರಳುವುದು ಕಷ್ಟ. ಆಗಲೂ ಬಿಟ್ಟವರು ಬಿಡದವರಿಗಿಂತ ಹೆಚ್ಚು ದಿನ ಬಾಳುತ್ತಾರೆ. ತಡವಾಯಿತೆಂದು ಕೈಬಿಡಬೇಡಿ.

ಸಹಾಯ ಎಲ್ಲಿ ಸಿಗುತ್ತದೆ?

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ, ದವಸ ಧಾನ್ಯದ ಬದಲು ನಿಮ್ಮ ದುಶ್ಚಟವನ್ನೇ ಭಿಕ್ಷೆಯಾಗಿ ಹಾಕಿರೆಂದು ಬೇಡಿದವರು. ಅದೇ "ಮಹಾಂತ ಜೋಳಿಗೆ" ಎಂದು ಹೆಸರಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಜೋಳಿಗೆಗೆ ಹಾಕುವ ಮನಸ್ಸು ನಿಮ್ಮದು, ಹಾಕಿದ ಮೇಲೆ ಬರುವ ನಡುಕ, ನಿದ್ದೆಗೇಡುಗಳನ್ನು ನೋಡಿಕೊಳ್ಳುವ ಕೆಲಸ ವೈದ್ಯರದು. ಎರಡೂ ಜೊತೆಯಾಗಿ ನಡೆಯಬೇಕು. ಸಂಕಲ್ಪ ಮಾಡುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಲ್ಲಿ ಮದ್ಯವ್ಯಸನಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕುಡಿಯುವವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.

ನಮ್ಮ ವಾರ್ಡಿನಲ್ಲಿ ಈಗ ಮಲಗಿರುವವರಲ್ಲಿ ಯಾರಾದರೂ ದಾಖಲಾಗುವಾಗ ಈ ಮಾತನ್ನು ಹೇಳದೆ ಬಿಟ್ಟಿದ್ದರೆ, ಈಗಲೂ ತಡವಾಗಿಲ್ಲ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಸಿಸ್ಟರ್ ಮೇಜಿನ ಹತ್ತಿರ ಹೋಗಿ. ಹೇಳಲು ಬಾಯಿ ಬಾರದಿದ್ದರೆ ಐದು ಮಾತುಗಳ ಪಟ್ಟಿಯನ್ನು ತೋರಿಸಿದರೂ ಸಾಕು. ಉಳಿದದ್ದನ್ನು ಅವರೇ ಕೇಳಿ ಬರೆದುಕೊಳ್ಳುತ್ತಾರೆ.

ಎಲ್ಲರಿಗೂ ಆರೋಗ್ಯವಾಗಲಿ. ಶರಣು.